ಸಾಕುಮನೆಯೂ ಧರ್ಮವೂ

ಶಿಶುವಿಗೆ ಹಾಲು, ಹಾಸಿಗೆ, ಔಷಧಗಳು ಕಾಲಕಾಲಕ್ಕೆ ದೊರೆತರೆ ಸಾಲದೇ ಎಂದು ಕೇಳುವವರುಂಟು. ರುಮಾನಿಯಾ ದೇಶದ ವೃತ್ತಾಂತವು ಅವರಿಗೆ ಉತ್ತರವನ್ನೀಯುತ್ತದೆ. 1966ರಲ್ಲಿ ಅಲ್ಲಿಯ ಸರಕಾರವು ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿತು. ಸಾಕಲಾರದ ತಂದೆತಾಯಿಗಳು ಎಷ್ಟೋ ಮಕ್ಕಳನ್ನು ಶಿಶುಗೃಹಗಳಲ್ಲಿ ಬಿಟ್ಟರು. 1989ರಲ್ಲಿ ಆ ಆಳ್ವಿಕೆಯು ಉರುಳಿದಾಗ ಒಳಗಿದ್ದವರು ಲಕ್ಷಕ್ಕೂ ಮಿಕ್ಕ ಮಕ್ಕಳು. ಎತ್ತಿಕೊಳ್ಳುವ ಕೈ ಪಾಳಿಗೊಂದಾಗಿ ಬದಲಾಗುತ್ತಿತ್ತು; ಅತ್ತು ಫಲವಿಲ್ಲವೆಂದರಿತ ಕೂಸು ಅಳುವುದನ್ನೇ ಬಿಡುತ್ತಿತ್ತು.

2000ದಲ್ಲಿ ಅಮೆರಿಕದ ವಿದ್ವಾಂಸರು ಬುಕಾರೆಸ್ಟ್ ನಗರದಲ್ಲಿ ಒಂದು ಪರೀಕ್ಷೆಯನ್ನಾರಂಭಿಸಿದರು. ಶಿಶುಗೃಹದ 136 ಮಕ್ಕಳಲ್ಲಿ ಅರ್ಧದಷ್ಟನ್ನು, ಚೀಟಿಯೆತ್ತುವ ಕ್ರಮದಿಂದ, ಸಾಕುಮನೆಗಳಿಗೆ ಕಳುಹಿಸಿದರು. ಎರಡು ವರ್ಷ ತುಂಬುವ ಮೊದಲು ಮನೆ ಸೇರಿದವರ ಬುದ್ಧಿಯೂ, ಒಬ್ಬರನ್ನು ನೆಚ್ಚುವ ಶಕ್ತಿಯೂ ಹೆಚ್ಚಾಗಿ ಚೇತರಿಸಿದುವು. ಉಳಿದ 68 ಮಕ್ಕಳನ್ನು ಅಲ್ಲಿಯೇ ಬಿಟ್ಟುದು ಧರ್ಮವೇ? ಆಗ ಆ ನಗರದಲ್ಲಿ ಸಾಕುಮನೆಗಳೇ ವಿರಳ. ಪರೀಕ್ಷೆಯು ಯಾವ ಮಗುವಿನ ಪಾಲನ್ನೂ ಕಸಿಯಲಿಲ್ಲ, ಬೇರೆ ಮನೆ ದೊರೆತವರನ್ನು ತಡೆಯಲೂ ಇಲ್ಲ ಎಂಬುದು ಸಮಾಧಾನ. ನ್ಯಾಯವಾದ ಸಮಾಧಾನವೇ ಅಹುದು. ಆದರೆ ಚೀಟಿಯಲ್ಲಿ ಸೋತ ಕೂಸಿಗೆ ಅದನ್ನು ಹೇಳುವ ಬಾಯಿ ಯಾವುದು? ಎರಡು ವರ್ಷದೊಳಗಿನ ಶಿಶುಗಳನ್ನು, ತೀವ್ರ ಅಂಗವೈಕಲ್ಯವುಳ್ಳವರ ಹೊರತು, ಇಂತಹ ಗೃಹಗಳಿಗೆ ಸೇರಿಸಬಾರದೆಂದು 2004ರಲ್ಲಿ ಅಲ್ಲಿ ಕಾನೂನಾಯಿತು. ಚೀಟಿಯ ಮಕ್ಕಳು ಅಷ್ಟರಲ್ಲಿ ಆ ವಯಸ್ಸನ್ನು ದಾಟಿದ್ದರು.