ಕಟಕಟ ಸದ್ದು



ನಮ್ಮ ದೇವಾಲಯದಲ್ಲಿ ಪೂಜಾವಸ್ತ್ರಗಳನ್ನಿಡುವ ಬೀರುವಿನ ಬಾಗಿಲ ಒಳಗಡೆ ಯಾರೋ ಒಂದು ಚಿತ್ರ ಅಂಟಿಸಿದ್ದರು. ಸಂತರ ಚಿತ್ರವಲ್ಲ, ಮನೋರಂಜನಾ ಉದ್ಯಾನವೊಂದಕ್ಕೆ ಬರಲಿದ್ದ ಹೊಸ ರೋಲರ್ ಕೋಸ್ಟರಿನ ಚಿತ್ರ, ಪತ್ರಿಕೆಯಿಂದ ಕತ್ತರಿಸಿದ್ದು. ಪೀಠಬಾಲಕರ ಕೆಲಸವೆಂದು ತಿಳಿದೂ ನಾನು ಕಿತ್ತುಹಾಕಲಿಲ್ಲ. ಆ ಬೇಸಿಗೆ ರಜೆಗೆ ಬರುತ್ತದೆ ಎಂದದ್ದು ಬರಲಿಲ್ಲ. ಮರುವರ್ಷವೂ ಬರಿಯ ಕಂಬಗಳು ಎದ್ದಿವೆ ಎಂಬ ಸುದ್ದಿ ಮಾತ್ರ ಬಂತು. ಹುಡುಗರು ದಿನ ಎಣಿಸುತ್ತಲೇ ಇದ್ದರು.

ಅವರಲ್ಲಿ ಒಬ್ಬನಿಗೆ ಅವನ ತಂದೆ, "ಶುರುವಾಗಲಿ, ನಾನೇ ಪಕ್ಕದಲ್ಲಿ ಕೂರ್ತೀನಿ" ಎಂದು ಮಾತು ಕೊಟ್ಟಿದ್ದರು. ಲಾರಿ ಓಡಿಸುತ್ತಿದ್ದ ಗಟ್ಟಿ ಆಳು. ಕಾಯಿಲೆ ಬಿದ್ದು ಮೂರು ತಿಂಗಳಲ್ಲಿ ತೀರಿಕೊಂಡರು. ಅವರ ಅಂತ್ಯಕ್ರಿಯೆಯ ಪೂಜೆಯಲ್ಲಿ ಧೂಪದ ಪಾತ್ರೆ ಹಿಡಿದು ನಿಂತವನು ಈ ಮಗನೇ. ಹೊಸ ಸವಾರಿ ಕಡೆಗೂ ಆರಂಭವಾದದ್ದು ಅದಾದ ಮೇಲೆ.

ಪೀಠಬಾಲಕರನ್ನು ಅಲ್ಲಿಗೇ ಪ್ರವಾಸ ಕರೆದೊಯ್ಯುವುದೆಂದು ತೀರ್ಮಾನವಾಯಿತು. ಹಿಂದಿನ ಭಾನುವಾರ ಪೂಜೆ ಮುಗಿದ ಮೇಲೆ ಆ ತಾಯಿ ಬಂದು, "ಸ್ವಾಮಿ, ಅವರಪ್ಪ ಕೂರಬೇಕಾಗಿದ್ದ ಜಾಗದಲ್ಲಿ ನೀವು ಕೂತ್ಕೊತೀರಾ?" ಎಂದು ಕೇಳಿದರು. ನಾನು ಹೂಂ ಎಂದುಬಿಟ್ಟೆ. ಗಂಟೆಗೋಪುರದ ಏಣಿ ಹತ್ತಲೂ ಕಾಲು ನಡುಗುವ ಮನುಷ್ಯ ನಾನೆಂದು ಆಕೆಗೆ ಹೇಗೆ ಹೇಳಲಿ?

ಮಕ್ಕಳು ಮೋಜು ಎಂದರೆ ಮುಖ ಸಿಂಡರಿಸುವ ಹಿರಿಯರಿಗೆ ಇಲ್ಲೊಂದು ಮಾತು. ಈ ಸವಾರಿಯನ್ನು ಜನಪ್ರಿಯಗೊಳಿಸಿದ ಅಮೆರಿಕದ ಲಾ ಮಾರ್ಕಸ್ ಥಾಂಪ್ಸನ್ ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಪಾಠ ಹೇಳುತ್ತಿದ್ದವನಂತೆ. ಯುವಜನರು ಹೆಂಡದಂಗಡಿಗಳ ಪಾಲಾಗಬಾರದು, ಅವರಿಗೊಂದು ಶುದ್ಧ ವಿನೋದ ಬೇಕು ಎಂಬುದು ಅವನ ಆಸೆಯಾಗಿತ್ತು ಎನ್ನುತ್ತಾರೆ. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಅವನು ಆರಂಭಿಸಿದ ಸವಾರಿಗೆ ಐದು ಸೆಂಟು ದರ. ವೇಗ ಗಂಟೆಗೆ ಸುಮಾರು 10 ಕಿಲೋಮೀಟರು, ಅಂದರೆ ನಿಧಾನವಾಗಿ ಸೈಕಲ್ ತುಳಿದಷ್ಟು. ನಮ್ಮ ಪಾಲಿಗೆ ಬಂದದ್ದು ಅಷ್ಟು ಸಾಧುವಾಗಿರಲಿಲ್ಲ.

ಕೂತೆವು. ಕಬ್ಬಿಣದ ತಡೆಯೊಂದು ಎದೆಯ ಮೇಲೆ ಇಳಿಯಿತು. ಬಂಡಿ ಮುಖ ಮೇಲೆ ಮಾಡಿ ಏರತೊಡಗಿದಾಗ ಕಾಲಡಿಯಿಂದ ಒಂದು ಸದ್ದು ಶುರುವಾಯಿತು: ಕಟ, ಕಟ, ಕಟ. ಹಳೆಯ ರಾಟೆಯ ಹಲ್ಲು ಒಂದೊಂದೇ ಮುರಿಯುತ್ತಿರುವ ಹಾಗೆ. ಹುಡುಗ ಪಿಸುಗುಟ್ಟಿದ: "ಸ್ವಾಮಿ, ಏನೋ ಮುರೀತಾ ಇದೆ." ವರ್ಷಗಟ್ಟಲೆ "ಅಂಜಬೇಡಿ" ಎಂದು ಪ್ರಬೋಧನೆ ಮಾಡಿದ ನನ್ನ ಬಾಯಿಗೆ ಅರ್ಧ ನಮೋ ಮರಿಯಕ್ಕಿಂತ ಹೆಚ್ಚು ಬರಲಿಲ್ಲ. ತುದಿ ತಲುಪಿದಾಗ ಸದ್ದು ನಿಂತಿತು. ಮುಂದಿನದನ್ನು ವರ್ಣಿಸಲಾರೆ, ಕಣ್ಣು ಮುಚ್ಚಿದ್ದೆ. ಬೀಳುವಾಗ ಪಕ್ಕದಿಂದ ಒಂದೇ ಕೂಗು ಕೇಳಿತು: "ಅಪ್ಪಾ!"

ನಾವೆಲ್ಲರೂ ಭಯದಲ್ಲಿ ಹಾಗೆಯೇ ಕೂಗುತ್ತೇವೆ, ನಿಜ. ಅವನು ಯಾವ ಅರ್ಥದಲ್ಲಿ ಕೂಗಿದನೋ ನಾನು ಕೇಳಲಿಲ್ಲ. ಆದರೆ ಗೆತ್ಸೆಮನಿಯಲ್ಲಿ ಎದೆ ನಡುಗಿದ ಯೇಸುಸ್ವಾಮಿಯ ಬಾಯಿಂದ ಬಂದದ್ದೂ ಅದೇ ಕೂಗು. ಅವರ ಅರಮಾಯಿಕ್ ಭಾಷೆಯ "ಅಬ್ಬಾ" ನಮ್ಮ "ಅಪ್ಪಾ"ಗೆ ಎಷ್ಟು ಹತ್ತಿರ! ಆ ರಾತ್ರಿ ಅವರ ಮುಂದಿನ ಪಾತ್ರೆ ಸರಿದುಹೋಗಲಿಲ್ಲ ಎಂಬುದನ್ನೂ ಮರೆಯದಿರೋಣ.

ಇಳಿದ ಮೇಲೆ, ಕಾಲು ನೆಲಕ್ಕೆ ಒಗ್ಗಿದ ನಂತರ, ಅಲ್ಲಿದ್ದ ಕೆಲಸಗಾರನನ್ನು ಆ ಸದ್ದಿನ ಬಗ್ಗೆ ವಿಚಾರಿಸಿದೆ. ಆತ ನಕ್ಕ. "ಅದು ಮುರಿಯೋ ಸದ್ದಲ್ಲ ಸಾರ್, ಹಿಡಿಯೋ ಸದ್ದು." ಬಂಡಿಯನ್ನು ಮೇಲೆಳೆಯುವುದು ಸರಪಳಿ. ಆದರೆ ಬಂಡಿಯ ಅಡಿಯಲ್ಲಿ ಇನ್ನೊಂದು ಕೊಕ್ಕೆಯಿದೆ. ಏರುವಾಗ ಅದು ಹಳಿಯ ನಡುವಿನ ಹಲ್ಲುಗಳನ್ನು ಒಂದೊಂದಾಗಿ ದಾಟಿ ಕೂರುತ್ತದೆ. ಸರಪಳಿ ತುಂಡಾದರೂ, ಕರೆಂಟು ಹೋದರೂ ಬಂಡಿ ಹಿಂದಕ್ಕೆ ಜಾರದು. ನಮ್ಮನ್ನು ಹೆದರಿಸಿದ ಒಂದೊಂದು "ಕಟ" ಎಂಬುದೂ ಆ ಕೊಕ್ಕೆ ಹಿಡಿದುಕೊಂಡ ಗುರುತು.

ಇಷ್ಟಕ್ಕೇ ಪ್ರಬೋಧನೆ ಮುಗಿಸುವ ಆಸೆ ನನಗೂ ಆಯಿತು. ಆದರೆ ಆ ತಾಯಿಯ ಮುಖ ನೆನಪಾಯಿತು. ಯಂತ್ರಕ್ಕೆ ನಕ್ಷೆಯಿದೆ, ಬೆಳಗಿನ ತಪಾಸಣೆಯಿದೆ, ಎರಡೇ ನಿಮಿಷಕ್ಕೆ ಇಳಿಸುವ ನಿಲ್ದಾಣವಿದೆ. ಸಾವು ಬಂದ ಮನೆಗೆ ಹೋಗಿ "ಇದೂ ಹಿಡಿಯುವ ಸದ್ದೇ, ಹೆದರಬೇಡಮ್ಮ" ಎನ್ನುವ ಧೈರ್ಯ ನನಗಿಲ್ಲ. ಹಾಗೆ ಹೇಳುವವರ ಬಳಿ ಅಳು ನಿಲ್ಲುವುದಿಲ್ಲ, ಅಡಗಿಕೊಳ್ಳುತ್ತದೆ ಅಷ್ಟೆ. ಗುರುಮಠದಲ್ಲಿ ಸಂತ ಥಾಮಸ್ ಅಕ್ವಿನಾಸರ ಪಾಠ ಕಂಠಪಾಠ ಮಾಡಿದ್ದೆವು: ಭರವಸೆ ಇಡುವುದು ಒಳಿತಿನ ಮೇಲೆ, ಅದು ಇನ್ನೂ ಬಾರದ ಒಳಿತು, ಕಷ್ಟದ ಒಳಿತು, ಆದರೂ ಸಾಧ್ಯವಾದದ್ದು. ಪರೀಕ್ಷೆಗೆ ನಾಲ್ಕನ್ನೂ ಬರೆದು ಅಂಕ ಪಡೆದೆ. "ಕಷ್ಟದ" ಎಂಬ ಪದ ಅಲ್ಲಿ ಏಕಿದೆ ಎಂದು ಆಗ ಯೋಚಿಸಿದವನಲ್ಲ. ಸುಲಭವಾಗಿ ಸಿಗುವುದಕ್ಕೆ ಭರವಸೆ ಬೇಕಿಲ್ಲ, ಆಸೆ ಸಾಕು. ಮತ್ತೆ, ಸಾಧ್ಯವಾಗುವುದು ನಮ್ಮ ಬಲದಿಂದಲೇ ಆಗಬೇಕಿಲ್ಲ, ಇನ್ನೊಬ್ಬರ ನೆರವಿನಿಂದಲೂ ಆಗಬಹುದು ಎನ್ನುತ್ತಾರೆ ಅವರು. ಆ ಹುಡುಗ ಎರಡು ವರ್ಷ ಕಾದ ದಿನ ಬಂತು, ಕಾದ ಹಾಗೆ ಬರಲಿಲ್ಲ. ಆದರೂ ಅವನು ಬಂಡಿ ಏರಿದ.

ತಾಯಂದಿರೇ, ತಂದೆಯರೇ, ನಿಮ್ಮ ಮನೆಯಲ್ಲೂ ಮಗುವೊಂದು "ಏನೋ ಮುರೀತಾ ಇದೆ" ಎಂದಾಗ ಉತ್ತರ ಹುಡುಕಲು ಅವಸರಪಡಬೇಡಿ. ಪಕ್ಕದಲ್ಲಿ ಕೂರಿ. ನನಗೆ ಅಂದು ತಿಳಿದದ್ದು ಅಷ್ಟೇ, ಅದೂ ಆ ಮಗುವಿನಿಂದ.

ರಾತ್ರಿ ಒಂಬತ್ತಕ್ಕೆ ಬಸ್ಸು ದೇವಾಲಯದ ಮುಂದೆ ನಿಂತಾಗ ಆ ತಾಯಿ ಗೇಟಿನ ಬಳಿ ಕಾದಿದ್ದರು. ಮಗನ ಕೆದರಿದ ಕೂದಲು ಸರಿಪಡಿಸುತ್ತಾ, "ಹೆದರಿಕೆ ಆಯ್ತೇನೋ?" ಎಂದು ಕೇಳಿದರು.

"ಆಯ್ತಮ್ಮ. ಸ್ವಾಮಿಗೆ ಇನ್ನೂ ಜಾಸ್ತಿ ಆಯ್ತು. ನಾನೇ ಕೈ ಹಿಡ್ಕೊಂಡಿದ್ದೆ."