ಔಷಧದೊಳಗಿನ ಅಂತರ್ಯಾಮಿ



ಆಶ್ವಯುಜ ಬಹುಳ ತ್ರಯೋದಶಿಯು ಶ್ರೀಧನ್ವಂತರಿ ಜಯಂತಿ. ಅಂದು ಸಂಜೆ ಹಂಡೆ ತೊಳೆದು ನೀರು ತುಂಬುವ ಸಂಭ್ರಮದಲ್ಲಿ ಆ ದಿನದ ಸ್ವಾಮಿಯೇ ಮರೆಗೆ ಸರಿಯುವುದುಂಟು. ಅಮೃತಕಲಶವನ್ನು ಹಿಡಿದು ಕ್ಷೀರಸಾಗರದಿಂದ ಮೇಲೆದ್ದ ಈ ರೂಪವನ್ನು ಭಾಗವತದ ಎಂಟನೆಯ ಸ್ಕಂಧವು ಆಯುರ್ವೇದದ ದ್ರಷ್ಟಾರನೆಂದು ಕೊಂಡಾಡುತ್ತದೆ. ಶ್ರೀಮದಾಚಾರ್ಯರು ತಂತ್ರಸಾರಸಂಗ್ರಹದಲ್ಲಿ ಈತನ ಮಂತ್ರವನ್ನು ಅನುಗ್ರಹಿಸಿದ್ದಾರೆ. ಮನೆಯಲ್ಲಿ ಮಗುವೊಂದು ಬಹುಕಾಲದ ವ್ಯಾಧಿಯಿಂದ ಬಳಲುವಾಗ ತಂದೆತಾಯಿಗಳ ನಾಲಗೆಗೆ ಮೊದಲು ಬರುವುದೂ ಈ ಮಂತ್ರವೇ. ಅಂತಹ ತಂದೆತಾಯಿಗಳನ್ನು ಉದ್ದೇಶಿಸಿಯೇ ಈ ಬಾರಿಯ ನಾಲ್ಕು ಮಾತು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಮನೆಮದ್ದಿಗೆ ಬಡತನವಿಲ್ಲ. ಒಂದೆಲಗದ ತಂಬುಳಿ, ಅಮೃತಬಳ್ಳಿಯ ಕಷಾಯ, ಕೆಮ್ಮಿಗೆ ದೊಡ್ಡಪತ್ರೆ, ಕೂಸಿಗೆ ತೇಯ್ದ ಬಜೆ ಇವೆಲ್ಲ ಅಜ್ಜಿಯಂದಿರ ಕೈಯಿಂದ ಬಂದ ಸಂಪತ್ತು. ಈಚೆಗೆ ಇದಕ್ಕೆ ‘ಸಮಗ್ರ ಆರೋಗ್ಯ’ ಎಂಬ ಹೊಸ ಹೆಸರು ಬಂದಿದೆ. ಆಹಾರ, ನಿದ್ರೆ, ಮನಸ್ಸು, ಪ್ರಾರ್ಥನೆ ಎಲ್ಲವನ್ನೂ ಒಟ್ಟಾಗಿ ನೋಡಬೇಕೆಂಬ ಮಾತು ಸತ್ಯವೇ. ಚರಕಾಚಾರ್ಯರು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರು ಬಗೆಯ ಚಿಕಿತ್ಸೆಯನ್ನು ಹೇಳಿದರು: ಮಂತ್ರಹೋಮಾದಿಗಳು ಒಂದು, ಆಹಾರ-ಔಷಧಗಳು ಇನ್ನೊಂದು, ಮನಸ್ಸನ್ನು ಅಹಿತದಿಂದ ಹಿಂತೆಗೆಯುವುದು ಮೂರನೆಯದು. ಒಂದು ಬಂದರೆ ಮತ್ತೊಂದನ್ನು ಬಿಡಬೇಕೆಂದು ಅವರು ಹೇಳಲಿಲ್ಲ.

ಆದರೆ ಬಿಡುವುದು ನಡೆಯುತ್ತಿದೆ. ಯಲ್ಲಾಪುರದ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಒಂಬತ್ತು ವರ್ಷದ ಹುಡುಗಿ. ಅತಿಯಾದ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ಕಣ್ಣೆದುರೇ ಕರಗುವ ಶರೀರ. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದಾಗ ಬಾಲ್ಯದ ಮಧುಮೇಹವೆಂದು ತಿಳಿಯುತ್ತದೆ. ಪ್ರತಿದಿನವೂ ಇನ್ಸುಲಿನ್ ಚುಚ್ಚಬೇಕು, ಜೀವಮಾನವಿಡೀ. ತಾಯಿಯ ಎದೆ ಒಡೆಯುತ್ತದೆ. ಸಿಹಿ ತಿನ್ನಿಸಿದ್ದರಿಂದಲೋ, ಯಾವ ಪಾಪದಿಂದಲೋ ಎಂದು ಬಂಧುಗಳು ಪಿಸುಗುಟ್ಟುತ್ತಾರೆ. ಸಿಹಿಯಿಂದ ಬರುವ ರೋಗವಲ್ಲ ಇದು. ಶರೀರದ ರಕ್ಷಣಾಶಕ್ತಿಯೇ ದಾರಿ ತಪ್ಪಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಮಾಡುವುದರಿಂದ ಬರುತ್ತದೆ. ತಾಯಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಆಗ ಯಾರೋ ಒಬ್ಬರು ಹೆಸರಿಲ್ಲದ ಒಂದು ಪುಡಿಯನ್ನು ತಂದುಕೊಡುತ್ತಾರೆ. ಕೆಲವೇ ವಾರಗಳಲ್ಲಿ ಇನ್ಸುಲಿನ್ನಿನ ಅಳತೆ ಇಳಿಯುತ್ತದೆ! ಮನೆಯಲ್ಲಿ ಸತ್ಯನಾರಾಯಣ ಪೂಜೆ, ಊರಿಗೆಲ್ಲ ಸುದ್ದಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇನ್ಸುಲಿನ್ ಆರಂಭಿಸಿದ ಮೇಲೆ ಅನೇಕ ಮಕ್ಕಳಲ್ಲಿ ಅಳಿದುಳಿದ ಕಣಗಳು ಕೆಲಕಾಲ ಚೇತರಿಸಿಕೊಳ್ಳುತ್ತವೆ. ಔಷಧದ ಅಗತ್ಯ ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು, ತಗ್ಗುತ್ತದೆ. ವೈದ್ಯರು ಇದನ್ನು ‘ಹನಿಮೂನ್’ ಅವಧಿ ಎನ್ನುತ್ತಾರೆ. ಪುಡಿ ಕೊಟ್ಟರೂ, ಕೊಡದಿದ್ದರೂ ಇದು ಬರುತ್ತದೆ, ಹೋಗುತ್ತದೆ. ಆದರೆ ಆ ತಿಂಗಳಲ್ಲಿ ಮನೆಗೆ ಬಂದ ಪುಡಿಗೆ ಕೀರ್ತಿ ಸಲ್ಲುತ್ತದೆ. ಅದೇ ಧೈರ್ಯದಿಂದ ಸೂಜಿಯನ್ನು ನಿಲ್ಲಿಸಿದರೆ, ಅವಧಿ ತೀರಿದಾಗ ಒಂದೆರಡು ದಿನಗಳಲ್ಲೇ ವಾಂತಿ, ಹೊಟ್ಟೆನೋವು, ಏದುಸಿರು, ಮೂರ್ಛೆ. ಯಲ್ಲಾಪುರದಿಂದ ಹುಬ್ಬಳ್ಳಿಗೆ ಸುಮಾರು ಎಪ್ಪತ್ತು ಕಿಲೋಮೀಟರು. ಶ್ರಾವಣದ ಮಳೆಯಲ್ಲಿ ಮರ ಬಿದ್ದ ರಾತ್ರಿ ಆ ದಾರಿ ಎಷ್ಟು ಉದ್ದವೆಂಬುದನ್ನು ಈ ಸೀಮೆಯವರಿಗೆ ನಾವು ಹೇಳಬೇಕಾಗಿಲ್ಲ.

ಆಯುರ್ವೇದವನ್ನು ಇಲ್ಲಿ ನಿಂದಿಸುತ್ತಿಲ್ಲ. ಸುಶ್ರುತರೇ ಪ್ರಮೇಹವನ್ನು ಸಹಜ, ಅಪಥ್ಯನಿಮಿತ್ತ ಎಂದು ಎರಡಾಗಿ ವಿಭಾಗಿಸಿದ್ದಾರೆ. ಬೀಜದೋಷದಿಂದ ಬಂದದ್ದು ಅಸಾಧ್ಯವೆಂದು ಚರಕಸಂಹಿತೆ ಪ್ರಾಮಾಣಿಕವಾಗಿ ಒಪ್ಪಿಕೊಂಡಿದೆ. ಎಲ್ಲವನ್ನೂ ಗುಣಪಡಿಸುವೆನೆಂಬ ಭರವಸೆ ಪುಡಿ ಮಾರುವವನದು, ಶಾಸ್ತ್ರದ್ದಲ್ಲ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಅದನ್ನು ಮೊದಲು ಕೊಟ್ಟರು. ಅದಕ್ಕೆ ಮುಂಚೆ ಇಂತಹ ಮಕ್ಕಳನ್ನು ಉಪವಾಸವಿರಿಸಿ ಕೆಲವು ತಿಂಗಳು ಉಳಿಸಿಕೊಳ್ಳುವುದೇ ಚಿಕಿತ್ಸೆಯಾಗಿತ್ತು. (ಇದನ್ನೂ ನಾವು ‘ಇಂಗ್ಲಿಷ್ ಔಷಧ’ ಎಂದೇ ಕರೆಯುತ್ತೇವೆ, ಕೆನಡಾದವರು ಕ್ಷಮಿಸಬೇಕು.) ಹಸು, ಹಂದಿಗಳ ಗ್ರಂಥಿಯಿಂದ ತೆಗೆಯುತ್ತಿದ್ದ ಕಾಲದಲ್ಲಿ ಆಚಾರವಂತರಿಗೆ ಸಂಕೋಚವಿದ್ದುದು ಸಹಜ. 1982ರಿಂದ ಸೂಕ್ಷ್ಮಜೀವಿಗಳ ಮೂಲಕ ತಯಾರಾದ ಮಾನವ ಇನ್ಸುಲಿನ್ ಬಳಕೆಗೆ ಬಂದಿದೆ. ಆ ಸಂಕೋಚಕ್ಕೂ ಈಗ ಕಾರಣವಿಲ್ಲ.

ಇನ್ನು ಸಿದ್ಧಾಂತದ ಮಾತು. ಹರಿಯೊಬ್ಬನೇ ಸ್ವತಂತ್ರ, ಉಳಿದುದೆಲ್ಲವೂ ಅವನ ಅಧೀನ. ಬೇರಿನ ಶಕ್ತಿಯೂ ಬೇರಿನದಲ್ಲ, ಮಾತ್ರೆಯ ಶಕ್ತಿಯೂ ಮಾತ್ರೆಯದಲ್ಲ. ವಿಷ್ಣುಸಹಸ್ರನಾಮದಲ್ಲಿ ‘ಔಷಧ’, ‘ಭೇಷಜ’, ‘ಭಿಷಕ್’, ‘ವೈದ್ಯ’ ಎಂಬ ನಾಮಗಳಿವೆ. ಇದು ನಾಟಿ ಔಷಧಕ್ಕೆ ಮಾತ್ರ ಸಲ್ಲುವ ನಾಮವೆಂದು ಯಾವ ವ್ಯಾಖ್ಯಾನಕಾರರೂ ಬರೆದಿಲ್ಲ. ಕಾಡಿನ ಬಳ್ಳಿಯಲ್ಲಿ ದೇವರಿದ್ದಾನೆ, ಗಾಜಿನ ಶೀಷೆಯಲ್ಲಿಲ್ಲ ಎನ್ನುವವನು ಸರ್ವಾಂತರ್ಯಾಮಿಗೆ ಬೇಲಿ ಹಾಕುತ್ತಿದ್ದಾನೆ. ಭಕ್ತಿ ಹೆಚ್ಚಾಗಿ ಔಷಧವನ್ನು ಬಿಟ್ಟೆನೆಂದು ಅವನು ತಿಳಿಯಬಹುದು. ತತ್ತ್ವದಲ್ಲಿ ಕೊರತೆಯಾದುದು ಭಕ್ತಿಯೇ.

ಸುಮಧ್ವವಿಜಯವನ್ನು ಎತ್ತಿ ಆಕ್ಷೇಪಿಸುವವರುಂಟು. ಗುರುಕುಲದಲ್ಲಿ ಬಾಲಕ ವಾಸುದೇವನು ಗುರುಪುತ್ರನ ಕಿವಿಯಲ್ಲಿ ಊದಿ ಬಹುಕಾಲದ ತಲೆಶೂಲೆಯನ್ನು ಕಳೆದನಲ್ಲವೇ? ಹೌದು, ಊದಿದವನು ಮುಖ್ಯಪ್ರಾಣ. ನಾವು ಊದಿದರೆ ಒಲೆಯ ಕೆಂಡವೂ ಒಮ್ಮೆಗೇ ಹತ್ತುವುದಿಲ್ಲ. ಆ ಕಥೆ ಅವತಾರದ ಮಹಿಮೆಯನ್ನು ತಿಳಿಸಲು ಬಂದದ್ದು, ನಮಗೆ ಚಿಕಿತ್ಸಾಕ್ರಮವನ್ನು ಬೋಧಿಸಲು ಅಲ್ಲ. ಶಿರಸಿಯ ಮಾರಿಕಾಂಬೆಯನ್ನೇ ನೋಡಿರಿ. ಸಿಡುಬು ಬಂದಾಗ ಜನ ಮೊರೆಯಿಡುತ್ತಿದ್ದುದು ಅಮ್ಮನಿಗೆ. ಲಸಿಕೆಯಿಂದ ಸಿಡುಬು ತೊಲಗಿತು. 1980ರಲ್ಲಿ ಜಗತ್ತಿನಿಂದಲೇ ಹೋಯಿತೆಂಬ ಘೋಷಣೆಯಾಯಿತು. ಎರಡು ವರ್ಷಕ್ಕೊಮ್ಮೆಯ ಜಾತ್ರೆಗೆ ಜನ ಕಡಿಮೆಯಾದರೇ?

ಹಾಗಾದರೆ ತಂದೆತಾಯಿಗಳ ಕೈಯಲ್ಲಿ ಉಳಿದದ್ದೇನು? ಬಹಳ ಇದೆ. ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳು. ಮಗುವಿನ ಮನೆಯಲ್ಲಿ ಮೂರನೆಯ ಪಾದ ತಾಯಿತಂದೆಯರೇ. ಹೊತ್ತಿಗೆ ಸರಿಯಾದ ಊಟ, ಅಳತೆಯ ಅನ್ನ, ಆಟ, ನಿದ್ರೆ, ಸಂಜೆಯ ಸ್ತೋತ್ರಪಾಠ ಇವೆಲ್ಲ ಅವರಿಂದ ಆಗತಕ್ಕವು. ಉಬ್ಬಸದ ಮಗುವಾದರೆ ಬಚ್ಚಲ ಒಲೆಯ ಹೊಗೆಯಿಂದಲೂ, ಅಡಿಕೆ ಬೇಯಿಸುವ ಕಾಲದ ಹೊಗೆಯಿಂದಲೂ, ಮಳೆಗಾಲದಲ್ಲಿ ಬೂಸಲು ಹಿಡಿದ ಹಾಸಿಗೆಯಿಂದಲೂ ದೂರವಿಡುವುದು ದೊಡ್ಡ ಚಿಕಿತ್ಸೆ. ಇದಾವುದೂ ಇನ್‌ಹೇಲರಿಗೆ ಬದಲಲ್ಲ. ಅಪಸ್ಮಾರದ ಮಾತ್ರೆಗೂ ಇದೇ ಮಾತು. ಕಷಾಯವನ್ನು ಕೊಡುವುದಾದರೂ ವೈದ್ಯರಿಗೆ ತಿಳಿಸಿಯೇ ಕೊಡಿರಿ. ಇಂತಹ ಅನಾಮಧೇಯ ಪುಡಿಗಳಲ್ಲಿ ಕೆಲವೊಮ್ಮೆ ಸೀಸ, ಪಾದರಸ, ಬೆರೆಸಿದ ಸ್ಟೆರಾಯ್ಡು ಸಿಕ್ಕಿದ್ದುಂಟು.

ಏಕಾದಶಿಯ ಪ್ರಶ್ನೆ ನಮ್ಮ ಮನೆಗಳಲ್ಲಿ ಬಂದೇ ಬರುತ್ತದೆ. ಎಂಟು ವರ್ಷ ದಾಟಿದ ಮಗು ಉಪವಾಸ ಮಾಡಬೇಡವೇ ಎಂದು ಅಜ್ಜ ಕೇಳುತ್ತಾರೆ. ಉದ್ಯೋಗಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ವ್ರತವನ್ನು ಕೆಡಿಸದ ಎಂಟನ್ನು ಎಣಿಸುತ್ತಾನೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಅಪೇಕ್ಷೆ, ಗುರುವಿನ ಮಾತು, ಕೊನೆಯಲ್ಲಿ ಔಷಧ. ಇನ್ಸುಲಿನ್ ತೆಗೆದುಕೊಂಡ ಮಗುವಿಗೆ ಆಹಾರವೂ ಔಷಧದ ಅಂಗವೇ. ಹೊಟ್ಟೆ ಬರಿದಾದರೆ ಸಕ್ಕರೆ ಕುಸಿದು ಪ್ರಾಣಕ್ಕೆ ಬರುತ್ತದೆ. ಅಜ್ಜನವರು ಆ ಮಗುವಿನ ಪರವಾಗಿ ಒಂದು ಅಧ್ಯಾಯ ಹೆಚ್ಚು ಪಾರಾಯಣ ಮಾಡಲಿ.

ಫಾಲ್ಗುಣ ಬಹುಳ ತದಿಗೆಗೆ ಸೋದೆಯಲ್ಲಿ ಶ್ರೀವಾದಿರಾಜರ ಆರಾಧನೆ. ಇಂತಹ ಮಗುವನ್ನು ಅವಶ್ಯವಾಗಿ ಕರೆದೊಯ್ಯಿರಿ. ವೃಂದಾವನದ ದರ್ಶನವಾಗಲಿ, ಧವಳಗಂಗೆಯ ಪ್ರೋಕ್ಷಣೆಯಾಗಲಿ. ಬಿಸಿಲಿನ ಕಾಲವಾದ್ದರಿಂದ ಇನ್ಸುಲಿನ್ನನ್ನು ವಾಹನದಲ್ಲಿ ಬಿಟ್ಟುಹೋಗದೆ ತಂಪಾದ ಚೀಲದಲ್ಲಿ ನಿಮ್ಮ ಬಳಿಯೇ ಇಟ್ಟುಕೊಳ್ಳಿರಿ, ಮಗುವಿನ ಕಿಸೆಯಲ್ಲಿ ನಾಲ್ಕು ಚಮಚ ಸಕ್ಕರೆಯ ಪೊಟ್ಟಣವಿರಲಿ. ಪಂಕ್ತಿ ತಡವಾಗುವಂತಿದ್ದರೆ ಬಡಿಸುವವರಿಗೆ ಸಂಕೋಚವಿಲ್ಲದೆ ಹೇಳಿರಿ. ಬಡಿಸುವವರಲ್ಲಿಯೂ ನಮ್ಮ ಪ್ರಾರ್ಥನೆ: ಆ ಮಗುವಿಗೆ ಮೊದಲು ಎಲೆ ಹಾಕಿರಿ.