ದಿನಚರಿಯೂ ಅಂತಃಸಾಕ್ಷಿಯೂ

ಮಾನವನು ಹಗಲೆಲ್ಲ ದುಡಿಯುತ್ತಾನೆ, ಇರುಳು ವಿಶ್ರಮಿಸುತ್ತಾನೆ. ಈ ಎರಡರ ನಡುವೆ, ಈ ದಿನ ತಾನು ಮಾಡಿದುದೇನು, ಅದರಿಂದ ಕಲಿತುದೇನು ಎಂದು ತನ್ನನ್ನು ತಾನೇ ಕೇಳಿಕೊಳ್ಳುವ ಒಂದು ಗಳಿಗೆ ಅವಶ್ಯವಾಗಿ ಇರಬೇಕು. ವ್ಯಾಪಾರಿಯು ಕಿರ್ದಿ ಬರೆಯದೆ ಅಂಗಡಿಯ ಬಾಗಿಲು ಹಾಕುವುದಿಲ್ಲ. ಕಾಸಿನ ಲಾಭನಷ್ಟಕ್ಕೆ ಇಷ್ಟು ಎಚ್ಚರ ವಹಿಸುವ ನಾವು ಬಾಳಿನ ಲಾಭನಷ್ಟಕ್ಕೆ ಲೆಕ್ಕವನ್ನೇ ಇಡದಿರುವುದು ಸೋಜಿಗವಲ್ಲವೆ?

ಇಂಥ ಲೆಕ್ಕವಿಡುವ ಅಭ್ಯಾಸವನ್ನು ವಿಶ್ವವಿದ್ಯಾಲಯಗಳು ಈಗ ವ್ಯಾಸಂಗದ ಅಂಗವಾಗಿಯೇ ಸ್ವೀಕರಿಸಿವೆ. ಶಿಕ್ಷಕರನ್ನು ಸಿದ್ಧಗೊಳಿಸುವ ಬಿ.ಎಡ್. ತರಗತಿ ಇದಕ್ಕೆ ಉತ್ತಮ ನಿದರ್ಶನ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಈ ವ್ಯಾಸಂಗವನ್ನು ಎರಡು ವರ್ಷಗಳಿಗೆ ವಿಸ್ತರಿಸಿ, ಅದರಲ್ಲಿ 20 ವಾರಗಳನ್ನು ಶಾಲೆಯ ಪ್ರತ್ಯಕ್ಷ ಅನುಭವಕ್ಕೆ ಮೀಸಲಿಟ್ಟವು. ಈ ಅವಧಿಯಲ್ಲಿ ಪ್ರಶಿಕ್ಷಣಾರ್ಥಿಯು ಪಾಠಯೋಜನೆಯ ಜೊತೆಗೆ ಚಿಂತನಶೀಲ ದಿನಚರಿಯನ್ನೂ ಬರೆಯುವುದು ಅನೇಕ ಕಾಲೇಜುಗಳಲ್ಲಿ ರೂಢಿಗೆ ಬಂದಿದೆ. ಪಾಠಯೋಜನೆಯು ನಾಳೆ ಮಾಡಬೇಕಾದುದನ್ನು ಹೇಳಿದರೆ, ದಿನಚರಿಯು ಇಂದು ನಿಜವಾಗಿ ಆದುದನ್ನು ಹೇಳುತ್ತದೆ. ಯಾವ ಪ್ರಶ್ನೆಗೆ ಮಕ್ಕಳು ಮೌನವಾದರು? ಯಾವ ಮಗುವಿನ ಕಡೆಗೆ ನನ್ನ ದೃಷ್ಟಿ ಹರಿಯಲೇ ಇಲ್ಲ? ಈ ಬಗೆಯ ಪ್ರಶ್ನೆಗಳೇ ಅದರ ಜೀವಾಳ.

ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ ಅವರು 1910ರಲ್ಲಿ ಆಲೋಚನೆಯ ಸ್ವರೂಪವನ್ನು ಕುರಿತು ಬರೆದ ಗ್ರಂಥದಲ್ಲಿ, ನಿಜವಾದ ಚಿಂತನೆಯು ಸಂದೇಹ ಮತ್ತು ತೊಡಕುಗಳಿಂದ ಹುಟ್ಟುತ್ತದೆಂದು ಪ್ರತಿಪಾದಿಸಿದರು. ಡೊನಾಲ್ಡ್ ಶೋನ್ ಅವರು 1983ರಲ್ಲಿ, ವೃತ್ತಿನಿರತರು ಕಾರ್ಯವನ್ನು ಮಾಡುತ್ತಿರುವಾಗಲೂ ಮಾಡಿ ಮುಗಿಸಿದ ಮೇಲೂ ಅದನ್ನು ಪರ್ಯಾಲೋಚಿಸುವ ಬಗೆಯನ್ನು ವಿವರಿಸಿದರು. ಇಂದಿನ ದಿನಚರಿಯ ಪದ್ಧತಿಗೆ ಇಂಥ ಚಿಂತಕರೇ ಆಧಾರ.

ಆದರೆ ಕಾಯಕವನ್ನು ಕಣ್ಣು ತೆರೆದು ನೋಡಿಕೊಳ್ಳುವ ವಿಚಾರ ಶರಣ ಪರಂಪರೆಗೆ ಹೊಸದಲ್ಲ. ಆಯ್ದಕ್ಕಿ ಮಾರಯ್ಯನವರ ಪ್ರಸಂಗ ಎಲ್ಲರಿಗೂ ತಿಳಿದಿರುವುದೇ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಪತ್ನಿ ಲಕ್ಕಮ್ಮನವರು ಅದನ್ನು ಒಲೆಗೆ ಏರಿಸುವ ಮೊದಲು ಪ್ರಶ್ನಿಸಿದರು. ಹೆಚ್ಚಾದುದನ್ನು ಹಿಂತಿರುಗಿಸಿ ಬರಲು ಹೇಳಿದರು. ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮಾರಯ್ಯನವರಿಗೆ ಕಾಣದ ಲೋಪವು ಅವರ ಹಿತವನ್ನೇ ಬಯಸುವ ಮತ್ತೊಂದು ಜೀವಕ್ಕೆ ಕಂಡಿತು. ಅಲ್ಲದೆ, ಅರಿವು ಮಾತಿನಲ್ಲಿ ಮುಗಿಯಲಿಲ್ಲ. ಅಕ್ಕಿ ಮರಳಿ ಹೋಯಿತು. ಆತ್ಮಪರೀಕ್ಷೆಯ ಸಂಪೂರ್ಣ ಸ್ವರೂಪವೇ ಇದು.

ಇಲ್ಲಿಯೇ ಒಂದು ನೈತಿಕ ಪ್ರಶ್ನೆ ಉದ್ಭವಿಸುತ್ತದೆ. ಅಂಕಗಳಿಗಾಗಿ, ಪರೀಕ್ಷಕನ ಕಣ್ಣಿಗೆ ಬೀಳಲೆಂದೇ ಬರೆದ ದಿನಚರಿಯಲ್ಲಿ ಸತ್ಯ ಉಳಿಯುವುದೆ?

ಈ ಲೇಖಕನು ಕೆಲಕಾಲ ಇಂಥ ದಿನಚರಿಗಳನ್ನು ಪರಿಶೀಲಿಸುವ ಹೊಣೆ ಹೊತ್ತಿದ್ದನು. ಒಬ್ಬ ವಿದ್ಯಾರ್ಥಿನಿಯು ಒಂದು ದಿನದ ಪುಟದಲ್ಲಿ ನಾಲ್ಕೇ ಸಾಲು ಬರೆದಿದ್ದಳು. ಭಿನ್ನರಾಶಿಯ ಪಾಠದಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಉತ್ತರ ಕೊಡಲಿಲ್ಲ. ಅವನನ್ನು ಎಲ್ಲರೆದುರು ಹಂಗಿಸಿದೆ. ಮರುದಿನ ಅವನು ಶಾಲೆಗೆ ಬರಲಿಲ್ಲ. ಆ ಲೆಕ್ಕವನ್ನು ಬೇರೊಂದು ಬಗೆಯಲ್ಲಿ ಬಿಡಿಸಿ ಹೇಳಲು ನನಗೇ ಬಾರದಿದ್ದುದು ಸಿಟ್ಟಿಗೆ ಕಾರಣ ಎಂಬುದು ಅದರ ಸಾರಾಂಶ. ಇನ್ನೊಬ್ಬನ ದಿನಚರಿಯಲ್ಲಿ ಪ್ರತಿ ಪಾಠವೂ ಯಶಸ್ವಿ, ಪ್ರತಿ ಮಗುವೂ ಆನಂದಭರಿತ, ಅಕ್ಷರ ಮುತ್ತಿನಂತೆ. ನಾನು ಎರಡನೆಯದಕ್ಕೆ ಹೆಚ್ಚು ಅಂಕ ಕೊಟ್ಟೆನು. ಮೊದಲನೆಯದರ ಕೆಳಗೆ ‘ಇನ್ನೂ ವಿಸ್ತಾರವಾಗಿ ಬರೆಯಬೇಕು’ ಎಂದು ಕೆಂಪು ಶಾಯಿಯಲ್ಲಿ ಬರೆದೆನು. ಮುಂದಿನ ವಾರಗಳಲ್ಲಿ ಆಕೆಯ ಪುಟಗಳೂ ತುಂಬಿದವು. ಆದರೆ ಅವುಗಳಲ್ಲಿ ತಪ್ಪಿರಲಿಲ್ಲ, ಹುಡುಗನಿರಲಿಲ್ಲ, ಆಕೆಯೂ ಇರಲಿಲ್ಲ. ಆಕೆಗೆ ಕಪಟವನ್ನು ಕಲಿಸಿದ ಗುರು ನಾನೇ ಎಂಬ ಅರಿವು ನನಗೆ ಬಹುಕಾಲದ ಮೇಲೆ ಉಂಟಾಯಿತು. ಅಷ್ಟರಲ್ಲಿ ಆಕೆ ವ್ಯಾಸಂಗ ಮುಗಿಸಿ ಹೋಗಿದ್ದಳು.

ಹಾಗಾದರೆ ಅಂಕಗಳನ್ನೇ ತೆಗೆದುಹಾಕಬೇಕೆ? ಅಂಕವಿಲ್ಲದಿದ್ದರೆ ಯಾರೂ ಬರೆಯುವುದಿಲ್ಲವೆಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದುದರಿಂದ ಮಧ್ಯಮ ಮಾರ್ಗವೊಂದು ಉಚಿತವೆಂದು ತೋರುತ್ತದೆ. ನಿತ್ಯವೂ ಬರೆದ ಶ್ರಮಕ್ಕೆ ಅಂಕವಿರಲಿ. ಬರೆದ ತಪ್ಪಿಗೂ ಒಪ್ಪಿಗೂ ಬೇಡ. ಯಾವ ಪುಟಗಳನ್ನು ತೋರಿಸಬೇಕೆಂಬ ಆಯ್ಕೆ ಬರೆದವರದಾಗಿರಲಿ. ಓದುವ ಗುರುವು ತೀರ್ಪುಗಾರನಾಗದೆ ಲಕ್ಕಮ್ಮನವರಂತೆ ಒಂದು ಪ್ರಶ್ನೆಯನ್ನು ಮಾತ್ರ ಕೇಳಲಿ: ಈಗ ಆ ಮಗುವಿಗಾಗಿ ಏನು ಮಾಡುವಿರಿ? ಆ ದಿನ ನಾನು ಬರೆಯಬೇಕಾಗಿದ್ದುದು ಈ ಒಂದು ವಾಕ್ಯವನ್ನು. ಎಲ್ಲಕ್ಕೂ ಮಿಗಿಲಾಗಿ, ಗುರುವಾದವನು ತಾನೂ ದಿನಚರಿ ಬರೆಯಬೇಕು. ತಾನು ನಡೆಯದ ದಾರಿಯನ್ನು ಪರರಿಗೆ ತೋರಿಸುವ ಅಧಿಕಾರ ಯಾರಿಗೂ ಇಲ್ಲ.

ಇಂದು ಕೃತಕ ಬುದ್ಧಿಯ ಯಂತ್ರವು ಕ್ಷಣಾರ್ಧದಲ್ಲಿ ಸೊಗಸಾದ ದಿನಚರಿಯನ್ನು ಬರೆದುಕೊಡಬಲ್ಲದು. ಇದರಿಂದ ಕೆಲವರು ಗಾಬರಿಗೊಂಡಿದ್ದಾರೆ. ಆದರೆ ವಿಚಾರ ಮಾಡಿದರೆ, ಯಂತ್ರವು ಬರೆಯಬಲ್ಲುದು ಆ ಎರಡನೆಯ ವಿದ್ಯಾರ್ಥಿಯ ದಿನಚರಿಯನ್ನು ಮಾತ್ರ. ಹಿಂದಿನ ಬೆಂಚು ಬರಿದಾಗಿರುವುದನ್ನು ಕಂಡು ಹೃದಯ ಕುಗ್ಗಿದ ಅನುಭವ ಯಂತ್ರಕ್ಕೆ ಎಲ್ಲಿಂದ ಬರಬೇಕು? ಆ ಅನುಭವವನ್ನು ಬಾಡಿಗೆಗೆ ತರಲು ಸಾಧ್ಯವಿಲ್ಲ.

ಇನ್ನೊಂದು ಅಪಾಯವನ್ನೂ ಹೇಳಬೇಕು. ದಿನವೂ ತನ್ನನ್ನು ಹಳಿದುಕೊಳ್ಳುವುದೇ ಆತ್ಮಾವಲೋಕನವಲ್ಲ. ತನ್ನ ಗುಣವನ್ನು ಮೆರೆಸುವವನಂತೆ ತನ್ನ ದೋಷವನ್ನೇ ಮೆರೆಸುವವನೂ ‘ನಾನು’ ಎಂಬುದನ್ನು ಬಿಟ್ಟಿರುವುದಿಲ್ಲ. ಪಶ್ಚಾತ್ತಾಪದ ಹತ್ತು ಪುಟಗಳಿಗಿಂತ ಮರುದಿನ ಆ ಹುಡುಗನ ಮನೆಯ ಬಾಗಿಲಿಗೆ ಹೋಗಿ ಅವನನ್ನು ಕರೆತರುವುದು ದೊಡ್ಡದು. ಅರಿವು ಆಚಾರವಾಗದ ದಿನಚರಿ ಬರಿಯ ಕಾಗದ.

ಅಂಕಗಳು ವ್ಯಾಸಂಗದೊಡನೆ ಮುಗಿಯುತ್ತವೆ. ಅಂತಃಸಾಕ್ಷಿಯೆಂಬ ಪರೀಕ್ಷಕನು ಮಾತ್ರ ಬಾಳಿನ ಕೊನೆಯವರೆಗೂ ಜೊತೆಗಿರುತ್ತಾನೆ. ನಾವು ಈ ದಿನ ಮಲಗುವ ಮುನ್ನ ಅವನಿಗೆ ನಾಲ್ಕು ನಿಜವಾದ ಸಾಲುಗಳನ್ನು ಒಪ್ಪಿಸುವಂತಾಗಲಿ. ನಾಳೆಯ ಕಾಯಕ ಅವುಗಳಿಂದ ಶುದ್ಧವಾಗಲಿ.